ಡಿ ಡ್ರೈವ್ ಕೈ ಕೊಟ್ಟ ಲಗ್ನದ ಸೀಸನ್ನು

ನಮ್ದು ಹನುಮಂತನಗರದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಹತ್ತಡಿಗೆ ಹನ್ನೆರಡಡಿ ಜಾಗ, ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಹಳೇ ಜೆರಾಕ್ಸ್ ಮಿಷಿನ್ನು, ಅಷ್ಟೇ ಆಸ್ತಿ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಬಿಲ್ ಬುಕ್ಕು, ಏನು ಬಂದ್ರೂ ಡಿಸೈನ್ ಇಲ್ಲಿ ಮಾಡ್ತೀವಿ, ಪ್ರಿಂಟಿಂಗು ಚಾಮರಾಜಪೇಟೆಲಿ ಕೊಡಿಸ್ತೀವಿ. ಈ ದಂಧೆಲಿ ಹೊಸ ಡಿಸೈನ್‌ಗಿಂತ ಹಳೇ ಡಿಸೈನ್‌ಗೇ ಗಿರಾಕಿ ಜಾಸ್ತಿ. "ಸಾರ್, ನಮ್ಮಕ್ಕನ ಮದ್ವೆಗೆ ಮಾಡ್ಕೊಟ್ಟಿದ್ರಲ್ಲ, ಅದೇ ಇರ್ಲಿ, ಹೆಸ್ರು ಮಾತ್ರ ಚೇಂಜ್ ಮಾಡಿ" ಅಂತ ಬರ್ತಾರೆ. ಹಂಗಾಗಿ ಡಿ ಡ್ರೈವ್‌ನಲ್ಲಿ 'ಪಾರ್ಟಿ' ಅಂತ ಒಂದು ಫೋಲ್ಡರು, ಅದರೊಳಗೆ ಹದಿಮೂರು ವರ್ಷದ ಕೆಲಸ, ಒಂದೊಂದು ಮನೆಗೂ ಒಂದೊಂದು ಫೋಲ್ಡರು.

ಬ್ಯಾಕಪ್ ಇದೆಯಾ ಅಂತ ಯಾರಾದ್ರೂ ಕೇಳಿದ್ರೆ ಇದೆ ಅಂತಾನೇ ಹೇಳ್ತಿದ್ದೆ ನಾನು, ಸುಳ್ಳು ಹೇಳ್ತಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ. ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋರಿಗೆ ಗೊತ್ತಿರತ್ತೆ, ಫೈಲ್ ಸೇವ್ ಮಾಡಿದಾಗ ಪಕ್ಕದಲ್ಲೇ 'ಬ್ಯಾಕಪ್ ಆಫ್' ಅಂತ ಶುರುವಾಗೋ ಇನ್ನೊಂದು ಫೈಲ್ ಬಂದು ಕೂರತ್ತೆ. ನಾನು ಅದನ್ನೇ ಬ್ಯಾಕಪ್ ಅನ್ಕೊಂಡಿದ್ದೆ. ಅದೇ ಫೋಲ್ಡರ್, ಅದೇ ಡ್ರೈವ್, ಅದೇ ಡಿಸ್ಕು. ಬೀಗ, ಬೀಗದ ಕೈ ಎರಡನ್ನೂ ಒಂದೇ ಪೆಟ್ಟಿಗೆಲಿಟ್ಟು ಬಾಗಿಲು ಹಾಕ್ದಂಗೆ.

ತುಳಸಿ ಹಬ್ಬ ಕಳೀತು ಅಂದ್ರೆ ನಮ್ಗೆ ಸೀಸನ್ ಶುರು. ಅವತ್ತು ಸಂಜೆ ಕರೆಂಟ್ ಎರಡು ಮೂರು ಸಲ ಹೋಗಿ ಬಂತು, ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ಮಾಡಿಸ್ತೀನಿ ಮಾಡಿಸ್ತೀನಿ ಅಂತ ಹಂಗೇ ಬಿಟ್ಟಿದ್ದೆ. ಮೂರನೇ ಸಲ ಆನ್ ಮಾಡಿದಾಗ ಸಿಪಿಯು ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಫ್ಯಾನ್‌ಗೆ ಏನೋ ಸಿಕ್ಕಾಕೊಂಡಿದೆ ಅಂತ ಒಂದು ತಟ್ಟು ತಟ್ಟಿದೆ. ಆಮೇಲೆ ವಿಂಡೋಸು ತಾನಾಗೇ 'ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್ ಡಿ' ಅಂತ ಶುರು ಹಚ್ಕೊಂಡ್ತು, ರಿಪೇರಿ ಮಾಡ್ಕೊಳ್ಳಲಿ ಬಿಡು ಅಂತ ರಾತ್ರಿಯೆಲ್ಲ ಹಂಗೇ ಬಿಟ್ಟು ಮನೆಗೆ ಹೋದೆ. ಇದು ನಾನು ಮಾಡಿದ ದೊಡ್ಡ ತಪ್ಪು ಅಂತ ಆಮೇಲೆ ಗೊತ್ತಾಗಿದ್ದು. ಸಾಯೋ ಸ್ಥಿತಿಲಿರೋ ಡಿಸ್ಕನ್ನ ಇಡೀ ರಾತ್ರಿ ಮೂಲೆ ಮೂಲೆ ಓದಿಸಿದ್ರೆ ಅದು ಇನ್ನೂ ಬೇಗ ಸಾಯತ್ತೆ, ಸದ್ದು ಬಂದ ತಕ್ಷಣ ಪವರ್ ಆಫ್ ಮಾಡಿ ಎತ್ತಿಡಬೇಕು.

ಬೆಳಗ್ಗೆ ಬಂದ್ರೆ ಡಿ ಡ್ರೈವೇ ಇಲ್ಲ. ಅವತ್ತು ಹನ್ನೊಂದು ಗಂಟೆಗೆ ಒಬ್ರು ಪ್ರೂಫ್ ನೋಡಕ್ಕೆ ಬರೋರಿದ್ರು.

ಡಿಸ್ಕ್ ಬಿಚ್ಕೊಂಡು, ಟವೆಲ್‌ನಲ್ಲಿ ಸುತ್ತಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ ಎರಡನೇ ಸ್ಟಾಪು ಚಿಕ್ಕಪೇಟೆಲಿಳಿದು ಎಸ್‌ಪಿ ರೋಡಿಗೆ ಹೋದೆ. ಅಲ್ಲಿ ಮೊದಲನೇ ಅಂಗಡಿಯೋರು ಡಿಸ್ಕ್ ಕೈಗೆ ತಗೊಳ್ಳದೇನೇ "ಹದಿನೆಂಟು ಸಾವಿರ ಆಗತ್ತೆ ಸಾರ್, ಗ್ಯಾರಂಟಿ ಇಲ್ಲ" ಅಂದ್ರು. ಎರಡನೇ ಕಡೆ ಮಹಡಿ ಮೇಲೆ ಒಬ್ಬ ಹುಡುಗ, ಇಪ್ಪತ್ತೈದಿರಬೋದು, ಅವನು ಮೊದಲು ಕಿವಿ ಹತ್ರ ಇಟ್ಕೊಂಡು ಕೇಳಿಸ್ಕೊಂಡ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಓಪನ್ ಮಾಡಿ ನನ್ನ ಕಡೆ ಸ್ಕ್ರೀನ್ ತಿರುಗಿಸಿದ, ಹಳದಿ ಬಣ್ಣದಲ್ಲಿ ಎರಡು ಸಾಲು. "ಅಣ್ಣ, ಇದು ರೀಅಲೊಕೇಟೆಡ್ ಸೆಕ್ಟರು, ಅಂದ್ರೆ ಕೆಟ್ಟೋಗಿ ಬದಲಿ ಹಾಕ್ಕೊಂಡಿರೋ ಜಾಗ, ಇದು ಪೆಂಡಿಂಗ್ ಸೆಕ್ಟರು, ಸರಿಯಾಗಿ ಓದಕ್ಕೆ ಬರ್ದೇ ಇರೋ ಜಾಗ. ಇದು ನಿನ್ನೆ ಮೊನ್ನೆ ಶುರುವಾಗಿರೋದಲ್ಲ, ನೀವು ಆರು ತಿಂಗಳ ಹಿಂದೆ ಇದನ್ನ ಓಪನ್ ಮಾಡಿದ್ರೂ ಹಳದಿ ಕಾಣ್ತಿತ್ತೇನೋ." ನಾನು ಆ ಸಾಫ್ಟ್‌ವೇರ್ ಹೆಸರೇ ಕೇಳಿರ್ಲಿಲ್ಲ.

ಅವನ ಕೆಲಸದ ರೀತಿ ನನಗೆ ಇಷ್ಟ ಆಯ್ತು. ಕೆಟ್ಟ ಡಿಸ್ಕ್ ಮೇಲೆ ನೇರ ಏನೂ ಮಾಡಲ್ಲ ಅಂದ, ಮೊದಲು ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರ್ ಹಾಕಿ ಇನ್ನೊಂದು ಒಳ್ಳೇ ಡಿಸ್ಕಿಗೆ ಹೆಂಗಿದೆಯೋ ಹಂಗೆ ಕ್ಲೋನ್ ಇಳಿಸ್ಕೊಳ್ಳೋದು, ಓದಕ್ಕೆ ಬರೋ ಜಾಗ ಮೊದಲು, ಹಠ ಮಾಡೋ ಜಾಗ ಆಮೇಲೆ. ಎರಡು ದಿನ ಹಿಡೀತು. ಆ ಕ್ಲೋನ್ ಮೇಲೆ ಫೋಟೋರೆಕ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಓಡಿಸಿ ಫೈಲ್ ಹೊರಗೆ ತೆಗೆದ. ನಾಲ್ಕೂವರೆ ಸಾವಿರ ತಗೊಂಡ, ಚಹಾನೂ ಅವನೇ ಕೊಡ್ಸಿದ.

ಈಗ ಅಸಲಿ ಕತೆ ಕೇಳಿ. ಫೋಟೋರೆಕ್ ಫೈಲ್ ತೆಗೆದುಕೊಡತ್ತೆ, ಆದ್ರೆ ಹೆಸರು ಕೊಡಲ್ಲ. ಡಿಸ್ಕ್ ಮೇಲೆ ಫೋಲ್ಡರ್ ಲೆಕ್ಕ ಇಟ್ಟಿರೋ ಪಟ್ಟಿನ ಅದು ನೋಡೋದೇ ಇಲ್ಲ, ಬೈಟ್‌ಗಳನ್ನ ನೋಡಿ ಇದು ಜೆಪೆಗ್, ಇದು ಪಿಡಿಎಫ್, ಇದು ಕೋರಲ್‌ಡ್ರಾದ ಸಿಡಿಆರ್ ಅಂತ ಗುರುತು ಹಿಡಿದು ಎತ್ತಿ ಹೊರಗೆ ಹಾಕತ್ತೆ. ಹಂಗಾಗಿ ನನಗೆ ಸಿಕ್ಕಿದ್ದು 'ಎಫ್' ಅಂತ ಶುರುವಾಗಿ ಏಳೆಂಟು ಅಂಕಿ ಇರೋ ನಾಲ್ಕು ಸಾವಿರ ಚಿಲ್ಲರೆ ಫೈಲುಗಳು. ಯಾವುದು ಯಾರ ಮನೇದು, ದೇವ್ರೇ ಗತಿ. ನಾನು, ನಮ್ಮ ಮನೆಯವಳು ರಾತ್ರಿ ಊಟ ಆದ್ಮೇಲೆ ಕೂತು ಒಂದೊಂದೇ ಓಪನ್ ಮಾಡೋದು, ವಧು ವರರ ಹೆಸ್ರು ನೋಡಿ ರೀನೇಮ್ ಮಾಡೋದು. "ರೀ, ಇವ್ರು ಆಗ್ಲೇ ಮಗುನ ನಾಮಕರಣಕ್ಕೂ ಮಾಡಿಸ್ಕೊಂಡು ಹೋದ್ರಲ್ರೀ" ಅಂತ ಅವಳು, "ಈ ಕಾರ್ಡ್ ದುಡ್ಡು ಇನ್ನೂ ಬಂದಿಲ್ಲ" ಅಂತ ನಾನು. ಅರ್ಧಕ್ಕರ್ಧ ಫೈಲು ಓಪನ್ನೇ ಆಗ್ಲಿಲ್ಲ, ಒಳಗೆ ಹಾಳಾಗಿದ್ವು. ಆ ಸೀಸನ್ನಲ್ಲಿ ಹನ್ನೊಂದು ಕಾರ್ಡ್ ಮತ್ತೆ ಮೊದಲಿಂದ ಕಂಪೋಸ್ ಮಾಡಿದೆ.

ಆಮೇಲೆ ಶುರು ಆಯ್ತು ನನ್ನ ಬ್ಯಾಕಪ್ ಪುರಾಣ.

ಹೊಸ ಎಸ್‌ಎಸ್‌ಡಿ ಹಾಕಿಸ್ದೆ, ಜೊತೆಗೆ 1 ಟಿಬಿದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಒಂದು. ಕಂಪ್ಯೂಟರ್‌ಗೆ ಹಾಕಿದ್ರೆ 931 ಜಿಬಿ ಅಂತ ತೋರ್ಸತ್ತೆ, ಅಂಗಡಿಯೋನು ಮೋಸ ಮಾಡ್ದ ಅನ್ಕೋಬೇಡಿ, ಕಂಪನಿಯೋರು ಸಾವಿರದ ಲೆಕ್ಕ ಹಾಕ್ತಾರೆ, ವಿಂಡೋಸು 1024ರ ಲೆಕ್ಕ ಹಾಕತ್ತೆ, ಅಷ್ಟೇ.

ಮೊದಲನೇ ವಾರ ಕೈಯಲ್ಲೇ ಕಾಪಿ ಪೇಸ್ಟ್. ಎಷ್ಟು ದಿನ ನಡೀತು ಅಂತ ಹೇಳೋದೇ ಬೇಡ. ಅಕ್ಕನ ಮಗ ಇಂಜಿನಿಯರಿಂಗ್ ಓದ್ತಾನೆ, "ಮಾವ, ಇದಕ್ಕೆಲ್ಲ ಸಾಫ್ಟ್‌ವೇರ್ ಯಾಕೆ, ವಿಂಡೋಸ್‌ನಲ್ಲೇ ರೋಬೊಕಾಪಿ ಅಂತ ಇದೆ" ಅಂತ ಒಂದು ಬ್ಯಾಚ್ ಫೈಲ್ ಬರ್ಕೊಟ್ಟ, ಡೆಸ್ಕ್‌ಟಾಪ್‌ನಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಸಾಕು, ಪಾರ್ಟಿ ಫೋಲ್ಡರ್ ಹೆಂಗಿದೆಯೋ ಹಂಗೇ ಎಕ್ಸ್‌ಟರ್ನಲ್‌ಗೆ ಹೋಗತ್ತೆ. ಖುಷಿಯಾಯ್ತು. ಒಂದು ತಿಂಗಳಾದ್ಮೇಲೆ ಸಹಾಯಕ್ಕಿದ್ದ ಹುಡುಗಿ ಜಾಗ ಖಾಲಿ ಮಾಡಕ್ಕೆ ಹೋಗಿ ಎರಡು ವರ್ಷದ ಬಿಲ್ ಬುಕ್ ಡಿಸೈನ್ ಇರೋ ಫೋಲ್ಡರ್ ಶಿಫ್ಟ್ ಡಿಲೀಟ್ ಹೊಡೆದ್ಳು, ಗೊತ್ತಾಗಿದ್ದು ಮಾರನೇ ದಿನ. ಪರವಾಗಿಲ್ಲ ಬಿಡಮ್ಮ ಬ್ಯಾಕಪ್ ಇದೆ ಅಂದೆ ದೊಡ್ಡದಾಗಿ. ಡಿಸ್ಕ್ ಹಾಕಿ ನೋಡಿದ್ರೆ ಅಲ್ಲೂ ಇಲ್ಲ! ಯಾಕಂದ್ರೆ ಹಿಂದಿನ ರಾತ್ರಿ ನಾನೇ ಡಬಲ್ ಕ್ಲಿಕ್ ಮಾಡಿ ಮನೆಗೆ ಹೋಗಿದ್ದೆ, ಆ ಬ್ಯಾಚ್ ಫೈಲ್‌ನಲ್ಲಿ ಹುಡುಗ ಹಾಕಿದ್ದು ಮಿರರ್ ಆಪ್ಷನ್ನು, ಕನ್ನಡಿ ಅಂದ್ರೆ ಕನ್ನಡೀನೇ, ಇಲ್ಲಿ ಇಲ್ದೇ ಇರೋದನ್ನ ಅಲ್ಲೂ ಅಳಿಸತ್ತೆ, ಅದೂ ರೀಸೈಕಲ್ ಬಿನ್‌ಗೂ ಹಾಕ್ದೆ. ಗೂಗಲ್ ಡ್ರೈವು, ಒನ್‌ಡ್ರೈವ್ ಸಿಂಕೂ ಹತ್ತಿರತ್ತಿರ ಇದೇ ಜಾತಿ, ಒಂದು ಕಡೆ ಡಿಲೀಟ್ ಆದ್ರೆ ಎಲ್ಲಾ ಕಡೆ ಡಿಲೀಟು. ಅಲ್ಲಿ ಬಿನ್‌ನಲ್ಲಿ ಒಂದು 30 ದಿನ ಇರತ್ತೆ ಅನ್ನೋದೊಂದು ಸಮಾಧಾನ. ನಮ್ಮ ದಂಧೆಲಿ ಫೈಲ್ ಕಳೆದಿದೆ ಅಂತ ಗೊತ್ತಾಗೋದೇ ಮುಂದಿನ ವರ್ಷ ಅವರ ತಮ್ಮನ ಮದ್ವೆಗೆ ಬಂದಾಗ.

ಹಂಗಾಗಿ ನನಗೆ ಬೇಕಾಗಿದ್ದು ಕಾಪಿ ಅಲ್ಲ, ಹಳೇ ವರ್ಷನ್‌ಗಳು ಅಂತ ಅವತ್ತು ತಲೆಗೆ ಹೋಯ್ತು. ವಿಂಡೋಸ್ 8ರಿಂದ ಫೈಲ್ ಹಿಸ್ಟರಿ ಅಂತ ಒಳಗೇ ಇದೆ, 11ರಲ್ಲೂ ಕಂಟ್ರೋಲ್ ಪ್ಯಾನಲ್ ಒಳಗೆ ಹುಡುಕಿದ್ರೆ ಸಿಗತ್ತೆ. ಗಂಟೆಗೊಂದ್ಸಲ ಬದಲಾದ ಫೈಲ್ ಕಾಪಿ ತಗೊಳ್ಳತ್ತೆ, ಹಳೇದನ್ನ ಇಟ್ಕೊಳ್ಳತ್ತೆ. ಮ್ಯಾಕ್ ಇರೋರಿಗೆ ಟೈಮ್ ಮಷೀನ್ ಅಂತ 2007ರಿಂದಾನೇ ಇದೆ, ಅದು ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದೆ ವಾರಕ್ಕೊಂದು ಅಂತ ಇಡತ್ತೆ, ನಮ್ಗೆ ಆ ಭಾಗ್ಯ ಇಲ್ಲ. ಸರಿ ಫೈಲ್ ಹಿಸ್ಟರಿ ಆನ್ ಮಾಡಿದೆ, ಹಸಿರು ಟಿಕ್ಕೂ ಬಂತು, ಮೂರು ದಿನ ಬಿಟ್ಟು ನೋಡಿದ್ರೆ ಡೆಸ್ಕ್‌ಟಾಪ್ ಇದೆ, ಡಾಕ್ಯುಮೆಂಟ್ಸ್ ಇದೆ, ನಮ್ಮ ಮಗಳ ಬರ್ತ್‌ಡೇ ಫೋಟೋ ಇದೆ, ಡಿ ಡ್ರೈವ್ ಪಾರ್ಟಿ ಫೋಲ್ಡರ್ ಇಲ್ವೇ ಇಲ್ಲ! ಅದು ಲೈಬ್ರರಿಗೆ ಸೇರಿರೋದನ್ನ ಮಾತ್ರ ತಗೊಳ್ಳೋದಂತೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಕ್ಲೂಡ್ ಇನ್ ಲೈಬ್ರರಿ' ಕೊಟ್ಟ ಮೇಲೆ ಬಂತು. ಇದನ್ನ ಯಾರೂ ಹೇಳಲ್ಲ ನೋಡಿ, ಹಸಿರು ಟಿಕ್ ನೋಡ್ಕೊಂಡು ಎಷ್ಟು ಜನ ನೆಮ್ಮದಿಯಾಗಿ ಮಲಗಿದಾರೋ.

ಈಗ ಎಲ್ಲಾ ಸರಿ ಹೋಯ್ತು ಅನ್ಕೊಂಡು ಒಂದು ಭಾನುವಾರ ಮನೇಲಿ ಲ್ಯಾಪ್‌ಟಾಪ್‌ಗೆ ಆ ಡಿಸ್ಕ್ ಹಾಕಿ ಒಂದು ಲಗ್ನಪತ್ರಿಕೆ ಓಪನ್ ಮಾಡಿದೆ, ಸುಮ್ನೆ ಹೆಂಗೆ ಬರತ್ತೆ ನೋಡೋಣ ಅಂತ. ಕೋರಲ್‌ಡ್ರಾ ಬಂತು, ಮೊದಲು ಒಂದು ಡಬ್ಬಿ ಬಂತು, ಫಾಂಟ್ ಇಲ್ಲ, ಬೇರೇದು ಹಾಕ್ಲಾ ಅಂತ. ಓಕೆ ಕೊಟ್ಟೆ. 'ಶ್ರೀ ಗಣೇಶಾಯ ನಮಃ' ಇರಬೇಕಾದ ಜಾಗದಲ್ಲಿ ತಲೆ ಮೇಲೆ ಕೊಂಬು, ಕಾಲಡಿ ಬಾಲ ಇರೋ ಇಂಗ್ಲಿಷ್ ಅಕ್ಷರಗಳು, ಮಧ್ಯೆ ಒಂದು ಪೌಂಡ್ ಗುರುತು. ವಧು ಹೆಸರಿನ ಜಾಗದಲ್ಲೂ ಅದೇ, ಸುಖಾಗಮನಾಭಿಲಾಷಿಗಳ ಜಾಗದಲ್ಲೂ ಅದೇ. ಎಲ್ಲಾ ಭಾಷೆ ಅಕ್ಷರಕ್ಕೂ ಅದರದ್ದೇ ಜಾಗ ಕೊಡೋ ಯೂನಿಕೋಡ್ ಬಂದು ಎಷ್ಟು ವರ್ಷ ಆಗಿದ್ರೂ ನಮ್ಮಂಥ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿ, ಬರಹ, ಶ್ರೀಲಿಪಿ ಹಳೇ ಫಾಂಟಲ್ಲೇ ಕೆಲಸ ನಡಿಯೋದು. ಅವುಗಳಲ್ಲಿ ಕನ್ನಡ ಅಕ್ಷರ ಕೂತಿರೋದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ, ನುಡಿ ಸೊನ್ನೆ ಒಂದು ಇ ಅನ್ನೋ ಫಾಂಟ್ ಇಲ್ಲ ಅಂದ್ರೆ ಆ ಫೈಲು ಮೂಕ. ಪ್ರೆಸ್‌ಗೆ ಕಳಿಸೋವಾಗ ನಾವು ಕರ್ವ್ಸ್ ಮಾಡಿ, ಅಂದ್ರೆ ಅಕ್ಷರಗಳನ್ನ ಬರೀ ಗೆರೆಗಳ ಚಿತ್ರ ಮಾಡಿ ಕಳಿಸ್ತೀವಿ, ಅದಕ್ಕೆ ಫಾಂಟ್ ಬೇಡ, ಆದ್ರೆ ಕರ್ವ್ಸ್ ಮಾಡಿದ್ರಲ್ಲಿ ಹೆಸರು ಬದಲಾಯಿಸಕ್ಕಾಗಲ್ಲ. ಅಂದ್ರೆ ಫೈಲ್ ಬ್ಯಾಕಪ್ ಆಗಿದೆ, ಅದನ್ನ ಓದೋ ಕಣ್ಣು ಬ್ಯಾಕಪ್ ಆಗಿಲ್ಲ. ಫಾಂಟ್ ಎಲ್ಲಿರತ್ತೆ ಅಂದ್ರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ, ಫೈಲ್ ಹಿಸ್ಟರಿ ಅಲ್ಲಿಗೆ ಹೋಗಲ್ಲ. ಇನ್ನೂ ಒಂದು ಕಿತಾಪತಿ ಇದೆ, ಈಗಿನ ವಿಂಡೋಸ್‌ನಲ್ಲಿ ಫಾಂಟ್ ಮೇಲೆ ಸುಮ್ನೆ ಇನ್‌ಸ್ಟಾಲ್ ಅಂತ ಒತ್ತಿದ್ರೆ ಅದು ಅಲ್ಲಿಗೂ ಹೋಗಲ್ಲ, ನಿಮ್ಮ ಯೂಸರ್ ಫೋಲ್ಡರ್‌ನ ಆಪ್‌ಡೇಟಾ ಅನ್ನೋ ಬಚ್ಚಿಟ್ಟ ಜಾಗಕ್ಕೆ ಹೋಗತ್ತೆ. ನನ್ನ ನಲವತ್ತು ಚಿಲ್ಲರೆ ಕನ್ನಡ ಫಾಂಟು ಎರಡು ಕಡೆ ಹಂಚಿಹೋಗಿತ್ತು.

ಆವಾಗ ಇಮೇಜ್ ಬ್ಯಾಕಪ್ ಕಡೆ ತಿರುಗಿದೆ. ಫೈಲ್ ಬ್ಯಾಕಪ್ ಅಂದ್ರೆ ಮನೆಯಿಂದ ಸಾಮಾನು ತೆಗೆದಿಡೋದು, ಇಮೇಜ್ ಅಂದ್ರೆ ಮನೇನೇ ಅಚ್ಚು ತೆಗೆದಿಡೋದು, ವಿಂಡೋಸು, ಕೋರಲ್‌ಡ್ರಾ, ಫಾಂಟು, ಪ್ರಿಂಟರ್ ಡ್ರೈವರು ಸಮೇತ. ಚಾಮರಾಜಪೇಟೆಲಿ ಒಬ್ಬ ಸ್ನೇಹಿತರು ಮ್ಯಾಕ್ರಿಯಂ ಹಾಕ್ಕೋ ಅಂದ್ರು, ಹೋಗಿ ನೋಡಿದ್ರೆ ಅದರ ಪುಕ್ಕಟೆ ಎಡಿಷನ್‌ಗೆ 2024ರ ಜನವರಿ 1ಕ್ಕೇ ಸಪೋರ್ಟ್ ನಿಂತಿದೆ. ಕೊನೆಗೆ ವೀಮ್ ಏಜೆಂಟ್ ಅನ್ನೋದರ ಫ್ರೀ ಎಡಿಷನ್ ಹಾಕ್ದೆ. ಮೂಲತಃ ದೊಡ್ಡ ಕಂಪನಿಗಳಿಗೆ ಮಾಡೋರು ಅವರು, ಸ್ಕ್ರೀನ್ ಸ್ವಲ್ಪ ಆಫೀಸ್ ಆಫೀಸ್ ಥರ ಇದೆ, ಫ್ರೀನಲ್ಲಿ ಒಂದೇ ಜಾಬ್ ಇಟ್ಕೋಬೋದು, ನಮ್ಗೆ ಒಂದೇ ಸಾಕಲ್ಲ. ಮೊದಲನೇ ಸಲ ಫುಲ್ ಬ್ಯಾಕಪ್, ಒಂದೂಕಾಲು ಗಂಟೆ ತಗೊಳ್ತು, ಮಾರನೇ ದಿನದಿಂದ ಇನ್‌ಕ್ರಿಮೆಂಟಲ್, ಅಂದ್ರೆ ನಿನ್ನೆಯಿಂದ ಬದಲಾಗಿದ್ದು ಮಾತ್ರ, ನಾಲ್ಕೈದು ನಿಮಿಷ. ಕೋರಲ್‌ಡ್ರಾ ಓಪನ್ ಇದ್ರೂ ತೊಂದ್ರೆ ಇಲ್ಲ, ವಿಂಡೋಸ್‌ನ ಶ್ಯಾಡೋ ಕಾಪಿ ಅನ್ನೋದು ಆ ಕ್ಷಣದ ಡಿಸ್ಕನ್ನ ಫೋಟೋ ಹಿಡಿದ ಥರ ನಿಲ್ಲಿಸ್ಕೊಡತ್ತೆ, ಅದರಿಂದ ಕಾಪಿ ತಗೊಳ್ಳತ್ತೆ.

ಇದರಲ್ಲಿ ನಂಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಟಿಕ್ ಬಾಕ್ಸು. ಡಿಸ್ಕ್ ಚುಚ್ಚಿದ ತಕ್ಷಣ ಬ್ಯಾಕಪ್ ಶುರು ಮಾಡು, ಮುಗಿದ ಮೇಲೆ ನೀನೇ ಡಿಸ್ಕನ್ನ ಇಜೆಕ್ಟ್ ಮಾಡ್ಬಿಡು ಅಂತ ಹೇಳ್ಬೋದು. ಯಾಕೆ ಬೇಕು ಅಂದ್ರೆ, ಡಿಸ್ಕ್ ಸದಾ ಚುಚ್ಕೊಂಡೇ ಇದ್ರೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂದಾಗ ಕಂಪ್ಯೂಟರ್ ಜೊತೆ ಬ್ಯಾಕಪ್ಪಿಗೂ ಬೀಗ ಹಾಕತ್ತೆ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ಅಂಥದ್ದೇ ಒಂದು ಬಂದಾಗ ನಮ್ಮ ಬೀದಿಲೂ ಎಲ್ಲರೂ ಹೆದರಿ ಎರಡು ದಿನ ಇಂಟರ್ನೆಟ್ ವೈರ್ ಕಿತ್ತಿಟ್ಟಿದ್ವಿ, ಬ್ಯಾಕಪ್ ಮಾತ್ರ ಯಾರೂ ಮಾಡ್ಲಿಲ್ಲ.

ಅಷ್ಟು ಪೆಟ್ಟು ತಿಂದವನು ನಾನು, ಹಸಿರು ಟಿಕ್ ನಂಬೋ ಕಾಲ ಮುಗಿದಿತ್ತು. ರಿಕವರಿ ಪೆನ್‌ಡ್ರೈವ್ ಮಾಡ್ಕೊಂಡು, ಎಸ್‌ಪಿ ರೋಡ್ ಹುಡುಗನ ಹತ್ರ ಒಂದು ಹಳೇ ಎಸ್‌ಎಸ್‌ಡಿ ಎರಡು ದಿನಕ್ಕೆ ಕಡ ತಂದು, ಅಂಗಡಿ ಕಂಪ್ಯೂಟರ್‌ನ ನಿಜವಾದ ಡಿಸ್ಕ್ ಬಿಚ್ಚಿಟ್ಟು, ಖಾಲಿ ಡಿಸ್ಕ್ ಹಾಕಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಮೊದಲನೇ ಸಲ ಬೂಟ್ ಆಗ್ಲಿಲ್ಲ, ಬಯೋಸ್‌ನಲ್ಲಿ, ಅಂದ್ರೆ ವಿಂಡೋಸ್‌ಗೂ ಮುಂಚೆ ಬರೋ ಸೆಟ್ಟಿಂಗ್‌ನಲ್ಲಿ, ಯಾವ ಡ್ರೈವ್ ಮೊದಲು ಅನ್ನೋ ಆರ್ಡರ್ ಬದಲಾಯಿಸ್ಬೇಕಿತ್ತು, ಅದಕ್ಕೆ ಯಾವ ಕೀ ಅಂತ ಹುಡುಕಕ್ಕೇ ಅರ್ಧ ಗಂಟೆ. ಆಮೇಲೆ ರಿಸ್ಟೋರ್ ಕೊಟ್ಟು ಗಾಂಧಿ ಬಜಾರ್‌ಗೆ ಹೋಗಿ ತಿಂಡಿ ತಿಂದು ತರಕಾರಿ ತಗೊಂಡು ಬಂದೆ. ಬಂದು ರೀಸ್ಟಾರ್ಟ್ ಮಾಡಿದ್ರೆ ಅದೇ ವಾಲ್‌ಪೇಪರ್ರು, ಅದೇ ಐಕಾನ್ ಗಲೀಜು, ಕೋರಲ್‌ಡ್ರಾ ಫಾಂಟ್ ಪಟ್ಟಿ ಇಳಿಸಿದ್ರೆ ನುಡಿ ಅಷ್ಟೂ ಸಾಲಾಗಿ ನಿಂತಿವೆ. ಅವತ್ತಿನ ಲಗ್ನಪತ್ರಿಕೆ ತೆಗೆದೆ, ಶ್ರೀ ಗಣೇಶಾಯ ನಮಃ ಸರಿಯಾಗಿ ಬಂತು. ನಮ್ಮ ಮನೆಯವಳಿಗೆ ಫೋನ್ ಮಾಡಿ ಹೇಳಿದ್ರೆ "ಸರಿ, ಕೊತ್ತಂಬರಿ ತಗೊಂಡ್ರಾ" ಅಂದ್ಳು.

ಪೀಟರ್ ಕ್ರೋಗ್ ಅಂತ ಒಬ್ಬ ಫೋಟೋಗ್ರಾಫರ್ ಜನಪ್ರಿಯ ಮಾಡಿದ 3-2-1 ಲೆಕ್ಕ ಒಂದಿದೆ, ಮೂರು ಕಾಪಿ, ಎರಡು ಬೇರೆ ಥರದ ಸಾಧನ, ಒಂದು ಬೇರೆ ಜಾಗದಲ್ಲಿ. ಆ ಬೇರೆ ಜಾಗಕ್ಕೆ ನಾನು ಡುಪ್ಲಿಕಾಟಿ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದೀನಿ, ಅದು ಇಂಟರ್ನೆಟ್ ಮೂಲಕ ಗೂಗಲ್ ಡ್ರೈವ್‌ಗೆ ಕಳಿಸತ್ತೆ, ಪುಕ್ಕಟೆ, ಓಪನ್ ಸೋರ್ಸು. ಗೂಗಲ್‌ನ 15 ಜಿಬಿ ಸಾಲಲ್ಲ ಅಂತ 100 ಜಿಬಿ ಪ್ಲಾನ್ ತಗೊಂಡೆ. ಪಾರ್ಟಿ ಫೋಲ್ಡರು, ಎರಡೂ ಫಾಂಟ್ ಜಾಗ, ಟ್ಯಾಲಿ ಡೇಟಾ, ಇಷ್ಟಕ್ಕೇ ಟಿಕ್ ಹಾಕಿದೀನಿ. ಕಳಿಸೋ ಮುಂಚೆ ಇಲ್ಲೇ ಎನ್‌ಕ್ರಿಪ್ಟ್ ಮಾಡತ್ತೆ, ಗೂಗಲ್ ಡ್ರೈವ್ ತೆಗೆದು ನೋಡಿದ್ರೆ ಬರೀ 50 ಎಂಬಿ ತುಂಡುಗಳು, ಒಂದಕ್ಕೂ ತಲೆ ಬುಡ ಗೊತ್ತಾಗಲ್ಲ. ಗಿರಾಕಿಗಳ ಮನೆ ಅಡ್ರೆಸ್ಸು ಫೋನ್ ನಂಬರ್ರು ಅದರಲ್ಲಿರೋದ್ರಿಂದ ಅದು ಒಳ್ಳೇದೇ. ಆದ್ರೆ ಪಾಸ್‌ಫ್ರೇಜ್ ಕಳೆದ್ರೆ ಮುಗೀತು, ಯಾರ ಕೈಲೂ ತೆಗೆಯಕ್ಕಾಗಲ್ಲ. ನಾನು ಬುದ್ಧಿವಂತ, ಪಂಚಾಂಗದ ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟೆ, ದೇವರ ಮನೇಲಿರತ್ತೆ, ಯಾರೂ ಮುಟ್ಟಲ್ಲ ಅಂತ. ಯುಗಾದಿ ಬಂತು. ಹೊಸ ಪಂಚಾಂಗ ಬಂತು. ಹಳೇದು ರದ್ದಿಗೆ ಹೋಯ್ತು. ಪುಣ್ಯಕ್ಕೆ ಕಂಪ್ಯೂಟರ್ ಚೆನ್ನಾಗಿತ್ತು, ಹೊಸ ಪಾಸ್‌ಫ್ರೇಜ್ ಇಟ್ಟು ಜಾಬ್ ಮತ್ತೆ ಮೊದಲಿಂದ ಶುರು ಮಾಡಿದೆ, ಅಪ್‌ಲೋಡ್ ನಾಲ್ಕು ರಾತ್ರಿ ನಡೀತು. ಈಗ ಅದು ಎಲ್‌ಐಸಿ ಬಾಂಡ್ ಜೊತೆ ಬೀರುವಲ್ಲಿದೆ.

ಈಗ ದಿನಚರಿ ಹೆಂಗಿದೆ ಅಂದ್ರೆ, ರಾತ್ರಿ ಎಂಟೂವರೆಗೆ ಷಟರ್ ಎಳೆಯೋ ಮುಂಚೆ ಡಿಸ್ಕ್ ಚುಚ್ಚೋದು, ಕಸ ಗುಡಿಸಿ ದೇವ್ರ ಫೋಟೋಗೆ ಕೈ ಮುಗಿಯೋ ಅಷ್ಟೊತ್ತಿಗೆ ಅದು ಇಜೆಕ್ಟ್ ಆಗಿರತ್ತೆ, ಊಟದ ಬ್ಯಾಗಲ್ಲಿ ಹಾಕ್ಕೊಂಡು ಮನೆಗೆ. ಒಂದ್ಸಲ ಸಾಂಬಾರ್ ಡಬ್ಬಿ ಮುಚ್ಚಳ ಸಡಿಲ ಆಗಿ ಡಿಸ್ಕಿಗೆ ಅಭಿಷೇಕ ಆಯ್ತು, ಅವತ್ತಿಂದ ಜಿಪ್‌ಲಾಕ್ ಕವರ್. ಯುಪಿಎಸ್ ಬ್ಯಾಟರಿನೂ ಬದಲಾಯಿಸ್ದೆ. ಮೂರು ತಿಂಗಳಿಗೊಂದ್ಸಲ ಯಾವ್ದಾದ್ರೂ ಒಂದು ಫೈಲ್ ಆರಿಸಿ ಮನೆ ಲ್ಯಾಪ್‌ಟಾಪಲ್ಲಿ ತೆಗೆದು ನೋಡ್ತೀನಿ, ಕನ್ನಡ ಕನ್ನಡವಾಗೇ ಬರತ್ತಾ ಅಂತ.

ಹೋದ ತಿಂಗಳು ಒಬ್ರು ಬಂದಿದ್ರು, ಕಾರ್ಡ್ ಮೂರು ಸಲ ತಿದ್ದಿಸಿ, ಬಣ್ಣ ಬದಲಾಯಿಸಿ, ಕೊನೆಗೆ "ಸಾರ್, ಮೊದಲನೇ ದಿನ ತೋರಿಸಿದ್ರಲ್ಲ, ಅದೇ ಚೆನ್ನಾಗಿತ್ತು ಅಂತಾರೆ ಮನೇಲಿ" ಅಂದ್ರು. ಫೈಲ್ ಮೇಲೆ ಮೇಲೆ ಸೇವ್ ಆಗಿತ್ತು. ಮೊದಲಾಗಿದ್ರೆ ಮತ್ತೆ ಕೂತು ಮಾಡ್ಬೇಕಿತ್ತು, ಈ ಸಲ ಡಿಸ್ಕ್ ಹಾಕಿ ಮಂಗಳವಾರದ ವರ್ಷನ್ ತೆಗೆದು ಎರಡು ನಿಮಿಷದಲ್ಲಿ ಸ್ಕ್ರೀನ್ ಮೇಲೆ ಇಟ್ಟೆ. ಅವರು ನೋಡಿ ತಲೆ ಆಡಿಸಿ, "ಹಂಗಿದ್ರೆ ಹೊಸದಾಗಿ ಏನೂ ಕೆಲಸ ಆಗ್ಲಿಲ್ವಲ್ಲ ಸಾರ್, ಇನ್ನೂರು ರೂಪಾಯಿ ಕಮ್ಮಿ ಮಾಡ್ಕೊಳಿ" ಅಂದ್ರು.